ನುಂಗಿದ ಕ್ಯಾಮೆರಾಗೆ ಸ್ಟೀರಿಂಗ್ ಎಲ್ಲಿದೆ?

ಎಂಡೋಸ್ಕೋಪಿ ಅಂದ ಕೂಡಲೇ ನಮಗೆಲ್ಲ ಬಾಯಿಂದ ಪೈಪ್ ಬಿಡೋದು ನೆನಪಾಗುತ್ತೆ. ಆ ಪೈಪ್ ಜಠರ ದಾಟಿ ಸ್ವಲ್ಪ ದೂರ ಹೋಗುತ್ತೆ, ಅಷ್ಟೇ. ಕೆಳಗಿನಿಂದ ಬಿಡುವ ಕೊಲೊನೋಸ್ಕೋಪ್ ದೊಡ್ಡ ಕರುಳನ್ನು ನೋಡುತ್ತೆ. ನಡುವೆ ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನ ಬಹುಭಾಗ ಹಾಗೇ ಉಳಿದುಬಿಡುತ್ತೆ. ಅಲ್ಲೆಲ್ಲೋ ರಕ್ತ ಸೋರುತ್ತಿದ್ದರೆ ರೋಗಿಗೆ ರಕ್ತಹೀನತೆ ಆಗುತ್ತೆ, ಕಾರಣ ಮಾತ್ರ ಸಿಗಲ್ಲ.

ಇದಕ್ಕೆ ಇಸ್ರೇಲಿನ ಎಂಜಿನಿಯರ್ ಗೇವ್ರಿಯಲ್ ಇಡ್ಡಾನ್ ಹುಡುಕಿದ ದಾರಿ, ಕ್ಯಾಮೆರಾವನ್ನೇ ನುಂಗಿಸೋದು. 2001ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. 26 ಮಿ.ಮೀ. ಉದ್ದ, 11 ಮಿ.ಮೀ. ದಪ್ಪದ ಕ್ಯಾಪ್ಸೂಲ್ ಒಳಗೆ ಕ್ಯಾಮೆರಾ, ಎಲ್‌ಇಡಿ, ಬ್ಯಾಟರಿ, ಟ್ರಾನ್ಸ್‌ಮಿಟರ್ ಎಲ್ಲ ಇವೆ. ಸೆಕೆಂಡಿಗೆ 2 ಚಿತ್ರದಂತೆ 8 ಗಂಟೆಗೆ ಲೆಕ್ಕ ಹಾಕಿದರೆ 57,600 ಚಿತ್ರಗಳು!

ಆದರೆ ಇದಕ್ಕೆ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ಊಟವನ್ನು ಮುಂದೆ ತಳ್ಳುವ ಕರುಳಿನ ಅಲೆಯೇ ಇದನ್ನೂ ತಳ್ಳುತ್ತೆ. ಹೊಳೆಯಲ್ಲಿ ತೇಲಿ ಹೋಗೋ ತೆಂಗಿನಕಾಯಿ ಇದ್ದ ಹಾಗೆ. ಗಾಯ ಕಂಡಿತು ಅಂತ ನಿಂತು ನೋಡೋಕಾಗಲ್ಲ, ಬೆನ್ನು ತಿರುಗಿಸಿಕೊಂಡು ದಾಟಿದರೆ ಗಾಯ ಕಾಣೋದೇ ಇಲ್ಲ.

ಹಾಗಾದರೆ ನಡೆಸೋದು ಹೇಗೆ? ಕ್ಯಾಪ್ಸೂಲ್ ಒಳಗೆ ಚಿಕ್ಕ ಮ್ಯಾಗ್ನೆಟ್, ಮೈ ಹೊರಗೆ ದೊಡ್ಡ ಮ್ಯಾಗ್ನೆಟ್. ಕೇಳೋಕೆ ಸುಲಭ. ಲೆಕ್ಕ ನೋಡೋಣ: ಎರಡರ ನಡುವಿನ ದೂರ ದುಪ್ಪಟ್ಟಾದರೆ ತಿರುಗಿಸುವ ಟಾರ್ಕ್ ಸುಮಾರು 8ರಲ್ಲಿ ಒಂದು ಭಾಗಕ್ಕೆ ಇಳಿಯುತ್ತೆ, ಎಳೆಯುವ ಬಲ 16ರಲ್ಲಿ ಒಂದು ಭಾಗಕ್ಕೆ. ಅಂದ್ರೆ ತಿರುಗಿಸೋದಕ್ಕಿಂತ ಎಳೆಯೋದೇ ಕಷ್ಟ. ತೀರಾ ಹತ್ತಿರ ತಂದರೆ ಕ್ಯಾಪ್ಸೂಲ್ ಪಟ್ಟಂತ ಹಾರಿ ಗೋಡೆಗೆ ಅಂಟಿಕೊಳ್ಳುತ್ತೆ. ಅದಕ್ಕೇ ಹೊರಗಿನ ಮ್ಯಾಗ್ನೆಟ್ ಅನ್ನು ರೋಬೋಟಿನ ಕೈಗೆ ಕೊಟ್ಟು, ಕ್ಯಾಪ್ಸೂಲ್ ಎಲ್ಲಿದೆ ಅಂತ ಸೆನ್ಸರ್‌ನಿಂದ ತಿಳಿದು ಸರಿಪಡಿಸುತ್ತಾ ಹೋಗಬೇಕು. ನಾವು ಓದೋ ಫೀಡ್‌ಬ್ಯಾಕ್ ಲೂಪ್ ಇದೇ ತಾನೆ!

ಜಠರದಲ್ಲಿ ಇದು ನಡೆಯುತ್ತೆ. ರೋಗಿಗೆ ನೀರು ಕುಡಿಸಿದರೆ ಜಠರ ಹಿಗ್ಗಿ ಕ್ಯಾಪ್ಸೂಲ್ ಓಡಾಡಲು ಜಾಗ ಆಗುತ್ತೆ. ಜಠರ ಪರೀಕ್ಷೆಗೆ ಇಂಥ ಒಂದು ಉಪಕರಣಕ್ಕೆ 2020ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಸಣ್ಣ ಕರುಳು ಇಕ್ಕಟ್ಟು, ಸುರುಳಿ ಸುರುಳಿ, ಸದಾ ಅಲುಗಾಡುತ್ತೆ. ಇಟಲಿಯ ಪೀಸಾದ ಸಂಶೋಧಕರು ಕಾಲುಗಳಿರೋ ಕ್ಯಾಪ್ಸೂಲ್ ಮಾಡಿ ನೋಡಿದ್ದಾರೆ. ಆದರೆ ಕಾಲಾಡಿಸೋ ಮೋಟಾರಿಗೂ ಕರೆಂಟ್ ಬೇಕು, ಅಷ್ಟು ದೊಡ್ಡ ಬ್ಯಾಟರಿಗೆ ಒಳಗೆ ಜಾಗ ಎಲ್ಲಿದೆ?

ಇನ್ನೊಂದು ಭಯವೂ ಇದೆ. ಕ್ರೋನ್ಸ್ ಕಾಯಿಲೆಯಿಂದ ಕರುಳು ಕಿರಿದಾಗಿದ್ದರೆ ಕ್ಯಾಪ್ಸೂಲ್ ಅಲ್ಲೇ ಸಿಕ್ಕಿಕೊಳ್ಳಬಹುದು, ಆಪರೇಷನ್ನೇ ಬೇಕಾಗಬಹುದು. ಅದಕ್ಕೆ ಅನುಮಾನ ಇದ್ದವರಿಗೆ ಮೊದಲು ಕರಗಿಹೋಗುವ ಡಮ್ಮಿ ಕ್ಯಾಪ್ಸೂಲ್ ನುಂಗಿಸಿ ದಾರಿ ಇದೆಯಾ ಅಂತ ನೋಡುತ್ತಾರೆ. ಕ್ಯಾಮೆರಾ ಹೊರಬರುವ ತನಕ ಎಂಆರ್‌ಐ ಮಾಡಿಸುವಂತಿಲ್ಲ.

ನಿಲ್ಲು ಅಂದಾಗ ನಿಂತು, ತಿರುಗು ಅಂದಾಗ ತಿರುಗಿ, ಚೂರು ಮಾಂಸದ ಸ್ಯಾಂಪಲ್ಲೂ ತರಬಲ್ಲ ಕ್ಯಾಪ್ಸೂಲ್‌ಗಾಗಿ ಸಂಶೋಧನೆ ನಡೀತಾ ಇದೆ. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್, ಮೂರೂ ಬ್ರಾಂಚಿನವರಿಗೆ ಇದರಲ್ಲಿ ಕೆಲಸ ಇದೆ. ಪ್ರಾಜೆಕ್ಟ್ ಟಾಪಿಕ್ ಹುಡುಕುತ್ತಿರೋರು ಒಮ್ಮೆ ಯೋಚಿಸಿ ನೋಡಿ.