ಜಿಯೋಬೋರ್ಡ್

ಜಿಯೋಬೋರ್ಡ್ ಎಂಬುದು ರೇಖಾಗಣಿತದ ಕಲಿಕೆಗೆ ಬಳಸುವ ಮೊಳೆಹಲಗೆ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಜನಿಸಿದ ಶಿಕ್ಷಣತಜ್ಞ ಕ್ಯಾಲೆಬ್ ಗಟ್ಟೆನ್ಯೊ (1911–1988) ಇದನ್ನು ರೂಪಿಸಿದರು. ಹಿರಿಯ ಪ್ರಾಥಮಿಕ ತರಗತಿಗಳ ವಿದ್ಯಾರ್ಥಿಗಳು ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಇದನ್ನು ತಾವೇ ತಯಾರಿಸಬಹುದು.

ತಯಾರಿಕೆ

25 ಸೆಂ.ಮೀ. ಬಾಹುವಿನ ಚೌಕಾಕಾರದ ಮರದ ಹಲಗೆಯ ಮೇಲೆ 5 ಸೆಂ.ಮೀ. ಅಂತರದಲ್ಲಿ 5 ಅಡ್ಡಗೆರೆಗಳನ್ನೂ 5 ಲಂಬಗೆರೆಗಳನ್ನೂ ಎಳೆಯಬೇಕು. ಅವು ಛೇದಿಸುವ 25 ಬಿಂದುಗಳಲ್ಲಿ ಮೊಳೆಗಳನ್ನು ಅರ್ಧ ಹೊರಗುಳಿಯುವಂತೆ ಹೊಡೆಯಬೇಕು. ಅಂತರ ಸಮನಾಗಿರದಿದ್ದರೆ ಮುಂದಿನ ಲೆಕ್ಕಗಳು ತಪ್ಪುವುದರಿಂದ, ಗುರುತು ಹಾಕುವಾಗಲೇ ಅಳತೆಯ ನಿಖರತೆ ಮತ್ತು ಸಮಾಂತರ ರೇಖೆಗಳ ಅಭ್ಯಾಸವಾಗುತ್ತದೆ.

ಬಳಕೆ

ಮೊಳೆಗಳಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಆಕೃತಿಗಳನ್ನು ರಚಿಸಲಾಗುತ್ತದೆ. ಅಕ್ಕಪಕ್ಕದ ಎರಡು ಮೊಳೆಗಳ ಅಂತರವೇ 1 ಮಾನ. ಸುತ್ತಳತೆ ಸಮನಾದರೆ ವಿಸ್ತೀರ್ಣವೂ ಸಮನೆಂಬ ತಪ್ಪು ಕಲ್ಪನೆಯನ್ನು ಇಲ್ಲಿ ಸುಲಭವಾಗಿ ನಿವಾರಿಸಬಹುದು: 4×1 ಮತ್ತು 3×2 ಮಾನದ ಆಯತಗಳೆರಡರ ಸುತ್ತಳತೆಯೂ 10 ಮಾನ, ವಿಸ್ತೀರ್ಣ ಮಾತ್ರ ಕ್ರಮವಾಗಿ 4 ಮತ್ತು 6 ಚದರ ಮಾನ.

ಪಿಕ್ ಪ್ರಮೇಯ

ಆಸ್ಟ್ರಿಯಾದ ಗಣಿತಜ್ಞ ಜಾರ್ಜ್ ಪಿಕ್ 1899ರಲ್ಲಿ ಪ್ರಕಟಿಸಿದ ಪ್ರಮೇಯವನ್ನೂ ಇದರಲ್ಲಿ ಪರೀಕ್ಷಿಸಬಹುದು. ಆಕೃತಿಯ ಒಳಗಿನ ಮೊಳೆಗಳ ಸಂಖ್ಯೆಗೆ ಅಂಚಿನ ಮೊಳೆಗಳ ಸಂಖ್ಯೆಯ ಅರ್ಧವನ್ನು ಕೂಡಿಸಿ 1 ಕಳೆದರೆ ವಿಸ್ತೀರ್ಣ ದೊರೆಯುತ್ತದೆ. ಲಂಬಕೋನದ ಬಾಹುಗಳು 3 ಮತ್ತು 4 ಮಾನವಿರುವ ತ್ರಿಭುಜದಲ್ಲಿ ಒಳಗೆ 3, ಅಂಚಿನಲ್ಲಿ 8 ಮೊಳೆಗಳಿರುತ್ತವೆ; ವಿಸ್ತೀರ್ಣ 3+4−1=6 ಚದರ ಮಾನ. ತನ್ನನ್ನು ತಾನೇ ಛೇದಿಸುವ ಆಕೃತಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಮಿತಿಗಳು

ಓರೆಯಾಗಿರುವ ಮೊಳೆಗಳ ಅಂತರವನ್ನೂ 1 ಮಾನವೆಂದು ಎಣಿಸುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾದ ದೋಷ. ಚಿಕ್ಕ ಚೌಕದ ಕರ್ಣವು ಸುಮಾರು 1.41 ಮಾನವಿರುತ್ತದೆ. ಇದನ್ನು ಅಳತೆಪಟ್ಟಿಯಿಂದ ಅಳೆದು ತೋರಿಸಿದರೆ, ಈ ದೋಷವೇ ಪೈಥಾಗೊರಸ್ ಪ್ರಮೇಯಕ್ಕೆ ಪ್ರವೇಶವಾಗುತ್ತದೆ.