ಟಿವಿ ಚರ್ಚೆ ನೋಡುವಾಗ ಪ್ರಶ್ನೆ ಮರೆಯಬೇಡಿ

2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಠಾಣೆಯಲ್ಲಿ ನರೇಶ್ ಮ್ಹಸ್ಕೆ, ರಾಜನ್ ವಿಚಾರೆ ಎದುರಾಳಿಗಳು. ಒಬ್ಬರು ಶಿಂದೆ ಬಣ, ಇನ್ನೊಬ್ಬರು ಠಾಕ್ರೆ ಬಣ. ಟಿವಿ ಹಾಕಿದರೆ 'ಅಸಲಿ ಶಿವಸೇನೆ ಯಾರದು, ಗದ್ದಾರ್ ಯಾರು' ಅನ್ನೋದೇ ಗಲಾಟೆ. ಲೋಕಲ್ ರೈಲಿನ ನೂಕುನುಗ್ಗಲು, ನಲ್ಲಿ ನೀರು? ಅದಕ್ಕೆಲ್ಲ ಎಲ್ಲಿ ಪುರುಸೊತ್ತು! ಉತ್ತರ ಕಷ್ಟವಾದರೆ ಪ್ರಶ್ನೆಯನ್ನೇ ಬದಲಿಸೋದು ಹಳೇ ತಂತ್ರ.

ನಿರೂಪಕರೂ ಇದನ್ನೇ ಮಾಡ್ತಾರೆ. ಕರ್ನಾಟಕದ ಹಿಜಾಬ್ ವಿವಾದ ನೆನಪಿಸಿಕೊಳ್ಳಿ. ಪ್ರಶ್ನೆ ಇದ್ದದ್ದು ತರಗತಿಯಲ್ಲಿ ಹೆಣ್ಣುಮಕ್ಕಳು ತಲೆಗೆ ಹಾಕುವ ಬಟ್ಟೆಯದು. 2022ರ ಏಪ್ರಿಲ್‌ನಲ್ಲಿ ನ್ಯೂಸ್18 ಇಂಡಿಯಾದ ಚರ್ಚೆಯೊಂದರಲ್ಲಿ ಹಿಜಾಬ್ ಪರ ಮಾತಾಡಿದವರನ್ನು ಅಲ್ ಖೈದಾದ ಜವಾಹಿರಿ ಜೊತೆ ಜೋಡಿಸಲಾಯಿತು. ವೀಕ್ಷಕರೊಬ್ಬರು ದೂರು ಕೊಟ್ಟರು. ಸುದ್ದಿವಾಹಿನಿಗಳದ್ದೇ ಸ್ವನಿಯಂತ್ರಣ ಸಂಸ್ಥೆಯಾದ ಎನ್‌ಬಿಡಿಎಸ್‌ಎ ಅಕ್ಟೋಬರ್‌ನಲ್ಲಿ 50,000 ರೂಪಾಯಿ ದಂಡ ಹಾಕಿತು, ವಿಡಿಯೊ ತೆಗೆಯಲು ಹೇಳಿತು.

ಅಷ್ಟು ದೊಡ್ಡ ಚಾನೆಲ್‌ಗೆ ಈ ದಂಡ ಏನೂ ಅಲ್ಲ, ನಿಜ. ಆದರೆ ತಪ್ಪು ಅಂತ ದಾಖಲಾಯಿತಲ್ಲ. ದೂರು ನೀವೂ ಕೊಡಬಹುದು. ಪ್ರಸಾರವಾದ 7 ದಿನದೊಳಗೆ ಮೊದಲು ಚಾನೆಲ್‌ಗೇ ಬರೆಯಬೇಕು. ಉತ್ತರ ಸಮಾಧಾನ ತರದಿದ್ದರೆ ಎನ್‌ಬಿಡಿಎಸ್‌ಎಗೆ. ಹಾಗಾಗಿ ನೋಡುತ್ತಿರುವಾಗಲೇ ಕಾರ್ಯಕ್ರಮದ ಹೆಸರು, ತಾರೀಕು, ಸಮಯ, ಕೇಳಿದ ಪ್ರಶ್ನೆ, ಆಡಿದ ಮಾತು ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.