ಕ್ಯಾರವಾನಿನ ಅಚ್ಚು, ಬ್ರೇಕು ಮತ್ತು ಅದರ ಒಡೆಯರು

ಗಾಡಿಯ ಬಣ್ಣವನ್ನು ದಾರಿಹೋಕರೆಲ್ಲ ನೋಡುವರು. ಅಚ್ಚನ್ನು ನೋಡುವವನು ಗಾಡಿಯವನೊಬ್ಬನೇ. ಎತ್ತುಗಳನ್ನು ಹೂಡುವ ಮುನ್ನ ಕಡಾಣಿ ಭದ್ರವಾಗಿದೆಯೇ, ಅಚ್ಚಿಗೆ ಕೀಲೆಣ್ಣೆ ಬಿದ್ದಿದೆಯೇ ಎಂದು ನೋಡಿಕೊಳ್ಳುವುದು ನಮ್ಮ ಹಳ್ಳಿಗಳಲ್ಲಿ ತಲೆತಲಾಂತರದಿಂದ ಬಂದ ಪದ್ಧತಿ. ಆ ಅಚ್ಚು ಕಣ್ಣಿಗೆ ಕಾಣುವುದು, ಕೈಗೆ ಸಿಗುವುದು. ಮುರಿದರೆ ಊರಿನ ಬಡಗಿಯೋ ಕಮ್ಮಾರನೋ ಸರಿಪಡಿಸಿಕೊಡುವನು. ಮಾಡಿದವನೂ ಕೊಂಡವನೂ ಒಂದೇ ಊರಿನವರಾದುದರಿಂದ, ತಪ್ಪು ಯಾರದೆಂಬ ಪ್ರಶ್ನೆ ಊರೊಳಗೇ ತೀರುತ್ತಿತ್ತು. ಅಚ್ಚು ಮಾಡುವವನು ಒಂದು ಕಡೆ, ಗಾಡಿ ಕಟ್ಟುವವನು ಮತ್ತೊಂದು ಕಡೆ, ಮಾರುವವನು ಮೂರನೆಯ ಕಡೆ ಇರುವ ಯಂತ್ರಯುಗದಲ್ಲಿ ಈ ಪ್ರಶ್ನೆ ಅಷ್ಟು ಸುಲಭವಾಗಿ ತೀರದು. ಬ್ರಿಟನ್ನಿನ ಕ್ಯಾರವಾನ್ ಇದಕ್ಕೆ ಒಳ್ಳೆಯ ನಿದರ್ಶನ.

ಕ್ಯಾರವಾನ್ ಎಂದೊಡನೆ ಮರುಭೂಮಿಯಲ್ಲಿ ಸಾಗುವ ಒಂಟೆಗಳ ಸಾಲು ನಮ್ಮ ನೆನಪಿಗೆ ಬರಬಹುದು. ಇಲ್ಲಿ ಹೇಳುವುದು ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಯ ವಿಷಯ. ಮಲಗಲು ಮಂಚ, ಅಡಿಗೆಗೆ ಒಲೆ, ನೀರಿನ ತೊಟ್ಟಿ ಎಲ್ಲವೂ ಅದರಲ್ಲಿ ಅಡಕವಾಗಿರುತ್ತವೆ. ವಿಹಾರಕ್ಕೆಂದೇ ಇಂಥ ಗಾಡಿಯನ್ನು ಮೊದಲು ಕಟ್ಟಿಸಿದವರೆಂದು ಪ್ರಸಿದ್ಧರಾದವರು ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ವೈದ್ಯರು. 1885ರಲ್ಲಿ ಬ್ರಿಸ್ಟಲ್ ನಗರದಲ್ಲಿ ತಯಾರಾದ ಅವರ ‘ವಾಂಡರರ್’ ಗಾಡಿಯನ್ನು ಕುದುರೆಗಳು ಎಳೆಯುತ್ತಿದ್ದುವು. ಇಂಥ ಗಾಡಿಗಳ ಅಭಿಮಾನಿಗಳು 1907ರಲ್ಲಿ ಕ್ಯಾರವಾನ್ ಕ್ಲಬ್ಬನ್ನು ಸ್ಥಾಪಿಸಿದರು. ಮೊದಲನೆಯ ಮಹಾಯುದ್ಧದ ತರುವಾಯ ಕುದುರೆಯ ಸ್ಥಾನಕ್ಕೆ ಮೋಟಾರು ಬಂದಿತು. ಇಂದು ಅಲ್ಲಿ ಅನೇಕ ಕುಟುಂಬಗಳು, ವಿಶೇಷವಾಗಿ ನಿವೃತ್ತರಾದ ದಂಪತಿಗಳು, ಬಹುಕಾಲದ ಉಳಿತಾಯವನ್ನು ಸುರಿದು ಇಂಥದೊಂದು ಗಾಡಿಯನ್ನು ಕೊಳ್ಳುತ್ತಾರೆ. ಆದುದರಿಂದ ಅದರ ಅಚ್ಚಿನಲ್ಲಿ ದೋಷ ಕಂಡುಬಂದರೆ ಹಣ, ಪ್ರಾಣ ಎರಡೂ ಗಂಡಾಂತರಕ್ಕೆ ಸಿಕ್ಕಿದಂತೆಯೇ.

ಬ್ರೇಕು ಕೆಲಸಮಾಡುವ ಬಗೆ

ಕ್ಯಾರವಾನಿಗೆ ಎಂಜಿನ್ನಿಲ್ಲ, ಚಾಲಕನೂ ಇಲ್ಲ. ಹಾಗಾದರೆ ಅದರ ಬ್ರೇಕನ್ನು ಒತ್ತುವವರು ಯಾರು? ಇಳಿಜಾರಿನಲ್ಲಿ ಎತ್ತಿನ ಗಾಡಿ ನೊಗದ ಮೂಲಕ ಎತ್ತುಗಳನ್ನು ಮುಂದಕ್ಕೆ ನೂಕುವುದನ್ನು ನಾವೆಲ್ಲ ಕಂಡಿದ್ದೇವೆ. ಬ್ರಿಟನ್ನಿನ ಕ್ಯಾರವಾನುಗಳಲ್ಲಿ ಈ ನೂಕುವ ಬಲವನ್ನೇ ಬ್ರೇಕಿಗೆ ಬಳಸಿಕೊಂಡಿದ್ದಾರೆ. ಕಾರು ನಿಧಾನವಾದೊಡನೆ ಹಿಂದಿನ ಗಾಡಿ ತನ್ನ ವೇಗದಲ್ಲೇ ಮುನ್ನುಗ್ಗುತ್ತದೆ. ಆಗ ಅದರ ಮೂಕಿಯಲ್ಲಿರುವ ಉಕ್ಕಿನ ದಂಡ ಒಳಕ್ಕೆ ಸರಿದು ಒಂದು ಸನ್ನೆಯನ್ನು ಒತ್ತುತ್ತದೆ. ಸನ್ನೆ ಗಾಡಿಯ ಅಡಿಯಲ್ಲಿರುವ ಉದ್ದನೆಯ ಸರಳನ್ನು ಎಳೆಯುತ್ತದೆ. ಸರಳು ಎರಡೂ ಗಾಲಿಗಳ ತಂತಿಗಳನ್ನು ಜಗ್ಗುತ್ತದೆ. ಗಾಲಿಯ ಡ್ರಮ್ಮಿನೊಳಗಿನ ಬ್ರೇಕಿನ ಪಟ್ಟಿಗಳು ಹಿಗ್ಗಿ ಗಾಲಿಯನ್ನು ಹಿಡಿಯುತ್ತವೆ. ದಂಡವು ಒಮ್ಮೆಲೇ ಬಡಿಯದಂತೆ ತಡೆಯಲು ಎಣ್ಣೆ ಅಥವಾ ಅನಿಲ ತುಂಬಿದ ಕೊಳವೆಯೊಂದು ಇರುತ್ತದೆ. ಒಟ್ಟು ತೂಕ 750 ಕಿಲೋಗ್ರಾಂ ಮೀರಿದ ಗಾಡಿಗೆ ಬ್ರೇಕು ಕಡ್ಡಾಯ. 3,500 ಕಿಲೋಗ್ರಾಂವರೆಗೆ ಈ ನೂಕು-ಬ್ರೇಕನ್ನು ಬಳಸಬಹುದು.

ಇಲ್ಲಿ ಒಂದು ತೊಡಕುಂಟು. ಕಾರನ್ನು ಹಿಂದಕ್ಕೆ ನಡೆಸಿದಾಗಲೂ ದಂಡ ಒಳಸರಿಯುವುದರಿಂದ ಬ್ರೇಕು ತಾನಾಗಿ ಬೀಳಬೇಕಷ್ಟೆ. ಇದನ್ನು ತಪ್ಪಿಸಲು ಈಗಿನ ಗಾಡಿಗಳಲ್ಲಿ ಗಾಲಿ ಹಿಮ್ಮುಖವಾಗಿ ತಿರುಗಿದೊಡನೆ ಒಂದು ಬ್ರೇಕಿನ ಪಟ್ಟಿ ಒಳಕ್ಕೆ ಜಗ್ಗಿ ಹಿಡಿತವನ್ನು ಸಡಿಲಿಸುವ ಏರ್ಪಾಡಿದೆ. ಈ ಅನುಕೂಲದ ಬೆನ್ನಿಗೇ ಒಂದು ಅಪಾಯವೂ ಇದೆ. ಏರುದಾರಿಯಲ್ಲಿ ನಿಲ್ಲಿಸಿದ ಗಾಡಿ ಹಿಂದಕ್ಕೆ ಸ್ವಲ್ಪ ಉರುಳಿದರೆ ಇದೇ ಏರ್ಪಾಡು ಹಿಡಿತವನ್ನು ಬಿಟ್ಟುಬಿಡುತ್ತದೆ. ಕೈಬ್ರೇಕನ್ನು ಪೂರ್ತಿಯಾಗಿ ಮೇಲಕ್ಕೆತ್ತಿದ್ದರೆ ಮಾತ್ರ ಅದರ ಸ್ಪ್ರಿಂಗು ಸಡಿಲವನ್ನು ಮತ್ತೆ ಎಳೆದು ಗಾಡಿಯನ್ನು ನಿಲ್ಲಿಸುವುದು.

ಬ್ರೇಕಿನ ದೋಷಗಳು ಹಲವು ಬಗೆಯವು. ಕೊಳವೆ ಕೆಟ್ಟರೆ ಪ್ರತಿಯೊಂದು ನಿಲುಗಡೆಯಲ್ಲೂ ಠಣ್ಣೆಂಬ ಹೊಡೆತ ಕೇಳಿಸುವುದು. ಚಳಿಗಾಲವೆಲ್ಲ ಕೈಬ್ರೇಕು ಹಾಕಿ ನಿಲ್ಲಿಸಿದ ಗಾಡಿಯಲ್ಲಿ ಪಟ್ಟಿಗಳು ತುಕ್ಕಿನಿಂದ ಡ್ರಮ್ಮಿಗೆ ಅಂಟಿಕೊಳ್ಳುವುವು. ಪಯಣದ ಕೊನೆಯಲ್ಲಿ ಒಂದು ಗಾಲಿ ಸುಡುವಂತಿದ್ದು ಮತ್ತೊಂದು ತಣ್ಣಗಿದ್ದರೆ ಹಿಡಿತ ಸಮವಾಗಿಲ್ಲವೆಂದು ತಿಳಿಯಬೇಕು. ಎಲ್ಲಕ್ಕಿಂತ ಮೋಸಗೊಳಿಸುವುದು ತಪ್ಪು ಹೊಂದಾಣಿಕೆ. ಮೊದಲು ಗಾಲಿಯೊಳಗಿನ ಪಟ್ಟಿಗಳನ್ನು, ಅನಂತರ ತಂತಿಯನ್ನು, ಕಡೆಗೆ ಸರಳನ್ನು ಸರಿಪಡಿಸುವುದು ಕ್ರಮ. ಸವೆದ ಪಟ್ಟಿಗಳನ್ನು ಹಾಗೆಯೇ ಬಿಟ್ಟು ಸರಳನ್ನಷ್ಟೇ ಬಿಗಿಮಾಡಿದರೆ ಹೊರಗೆ ಎಲ್ಲವೂ ಸರಿಯಾಗಿ ತೋರುವುದು. ಒಳಗೆ ಹಿಡಿತವೂ ಕೆಡುವುದು, ಹಿಮ್ಮುಖದ ಏರ್ಪಾಡೂ ಕೆಡುವುದು.

ಅಚ್ಚಿನ ಒಳಗುಟ್ಟು

ಅಚ್ಚಿನ ರಚನೆ ಇನ್ನೂ ಗೂಢವಾದುದು. ಹೆಚ್ಚಿನ ಕ್ಯಾರವಾನುಗಳ ಅಚ್ಚು ಒಂದು ಉಕ್ಕಿನ ಕೊಳವೆ. ಅದರೊಳಗೆ ಇನ್ನೊಂದು ಉಕ್ಕಿನ ದಂಡವನ್ನು ರಬ್ಬರಿನ ಉರುಳೆಗಳ ನಡುವೆ ಬಿಗಿಯಾಗಿ ಅಡಕಿರುತ್ತಾರೆ. ಗಾಲಿ ಹಳ್ಳಕ್ಕಿಳಿದಾಗ ದಂಡ ತಿರುಚಿಕೊಳ್ಳುತ್ತದೆ, ರಬ್ಬರು ಅದುಮಿಕೊಂಡು ಏಟನ್ನು ನುಂಗುತ್ತದೆ. ಎಣ್ಣೆ ಬೇಡ, ಬಿಚ್ಚುವ ಕೆಲಸವೂ ಇಲ್ಲ. ಆದರೆ ರಬ್ಬರಿನ ಸತ್ವ ಉಡುಗಿದರೆ ಅದೊಂದನ್ನೇ ಬದಲಾಯಿಸುವಂತಿಲ್ಲ. ಸಾಮಾನ್ಯವಾಗಿ ಇಡೀ ಅಚ್ಚನ್ನೇ ಹೊಸದಾಗಿ ಹಾಕಿಸಬೇಕಾಗುತ್ತದೆ.

ಈ ದೋಷ ಮೊದಲು ಟೈರಿನಲ್ಲಿ ಕಾಣಿಸಿಕೊಳ್ಳುವುದು. ಅಚ್ಚು ಬಾಗಿದ್ದರೆ ಅಥವಾ ಗಾಲಿಗಳು ಓರೆಯಾಗಿ ಕೂತಿದ್ದರೆ ಟೈರಿನ ಒಳಅಂಚು ಸವೆಯುತ್ತದೆ. ಹೊರಗಡೆಯಿಂದ ನೋಡುವವನಿಗೆ ಟೈರು ಹೊಸದರಂತೆಯೇ ಇರುತ್ತದೆ. ಗಾಡಿಯಡಿಗೆ ಬಗ್ಗಿ ನೋಡಿದವನಿಗೆ ಮಾತ್ರ ನಿಜಸ್ಥಿತಿ ತಿಳಿಯುತ್ತದೆ. ಗಾಲಿಗುಂಬದ ನಡುವಿನ ದೊಡ್ಡ ನಟ್ಟಿನ ವಿಷಯವೂ ಹೀಗೆಯೇ. ಇಂದಿನ ಅನೇಕ ಗಾಡಿಗಳಲ್ಲಿ ಅದನ್ನು ಒಮ್ಮೆ ಬಿಚ್ಚಿದರೆ ಮತ್ತೆ ಹಾಕದೆ ಹೊಸದನ್ನೇ ತೊಡಿಸಬೇಕು, ನಿಯಮಿತ ಬಲಕ್ಕೆ ಬಿಗಿಯಬೇಕು. ಹಳೆಯದನ್ನೇ ತೊಡಿಸಿದ ಕಾರ್ಖಾನೆಯವನ ಉಳಿತಾಯ ಅತ್ಯಲ್ಪ; ಹೆದ್ದಾರಿಯಲ್ಲಿ ಗಾಲಿ ಕಳಚಿದವನ ನಷ್ಟಕ್ಕೆ ಮಿತಿಯೆಲ್ಲಿ?

ತಪ್ಪು ಯಾರದು?

ಟೈರು ಸವೆದುದನ್ನು ಕಂಡ ಒಡೆಯನು ಅಂಗಡಿಗೆ ಹೋಗುತ್ತಾನೆ. ‘ನೀವು ಹೆಚ್ಚು ಭಾರ ಹೇರಿರಬೇಕು, ಇಲ್ಲವೆ ಕಲ್ಲಿನ ಮೇಲೆ ಹತ್ತಿಸಿರಬೇಕು’ ಎಂಬುದು ಅವನಿಗೆ ಸಿಗುವ ಮೊದಲ ಉತ್ತರ. ಈ ಉತ್ತರ ಕೆಲವೊಮ್ಮೆ ನಿಜವೂ ಹೌದು. ಎಷ್ಟೋ ಗಾಡಿಗಳಲ್ಲಿ ಸಾಮಾನಿಗೆ ಬಿಟ್ಟಿರುವ ಅವಕಾಶ ಸುಮಾರು 150 ಕಿಲೋಗ್ರಾಂ ಮಾತ್ರ; ಅನಿಲದ ಸಿಲಿಂಡರು, ಬ್ಯಾಟರಿ, ಡೇರೆ, ಪಾತ್ರೆಪಡಗಗಳನ್ನು ತುಂಬುವಷ್ಟರಲ್ಲಿ ಅದು ಮುಗಿದುಹೋಗುತ್ತದೆ. ಆದುದರಿಂದ ವಿವೇಕಿಯಾದ ಒಡೆಯನು ತುಂಬಿದ ಗಾಡಿಯನ್ನು ತೂಕದ ಸೇತುವೆಗೆ ಒಯ್ದು ಚೀಟಿ ಪಡೆಯಬೇಕು, ರಿಪೇರಿಯ ರಸೀದಿಗಳನ್ನು ಜೋಪಾನವಾಗಿಡಬೇಕು, ಸವೆದ ಟೈರಿನ ಛಾಯಾಚಿತ್ರ ತೆಗೆಸಬೇಕು, ದೂರನ್ನು ದಿನಾಂಕಸಹಿತ ಬರೆದು ಕೊಡಬೇಕು.

ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯಿದೆಯ ಪ್ರಕಾರ ಕೊಂಡ ವಸ್ತುವಿನ ದೋಷಕ್ಕೆ ಮೊದಲ ಹೊಣೆಗಾರ ಮಾರಿದ ವ್ಯಾಪಾರಿ. ವಸ್ತು ದೋಷಯುಕ್ತವಾಗಿದ್ದರೆ 30 ದಿನಗಳೊಳಗೆ ಅದನ್ನು ಹಿಂತಿರುಗಿಸಿ ಹಣ ಕೇಳಬಹುದು. ಆರು ತಿಂಗಳೊಳಗೆ ಕಂಡ ದೋಷ ಮಾರಾಟದ ದಿನವೇ ಇತ್ತೆಂದು ಭಾವಿಸಲಾಗುವುದು. ಇಲ್ಲವೆಂದು ತೋರಿಸುವ ಭಾರ ವ್ಯಾಪಾರಿಯದು. ಆರು ತಿಂಗಳು ಕಳೆದ ಮೇಲೆ ಈ ಭಾರ ಕೊಂಡವನ ಹೆಗಲಿಗೆ ಬೀಳುತ್ತದೆ. ಇಂಗ್ಲೆಂಡಿನಲ್ಲಿ ದಾವೆ ಹೂಡಲು ಆರು ವರ್ಷ ಅವಕಾಶವಿದ್ದರೂ ಕಷ್ಟವಿರುವುದು ಇಲ್ಲಿಯೇ. ಕ್ಯಾರವಾನು ವರ್ಷದ ಬಹುಭಾಗ ನಿಂತೇ ಇರುವ ವಾಹನ. ಅಚ್ಚಿನ ಓರೆ ಟೈರಿನಲ್ಲಿ ಕಾಣಿಸಿಕೊಳ್ಳಲು ಒಂದೆರಡು ಬೇಸಗೆಗಳೇ ಬೇಕಾಗಬಹುದು. ದೋಷ ಕಣ್ಣಿಗೆ ಬೀಳುವ ಹೊತ್ತಿಗೆ ಸಾಕ್ಷ್ಯದ ಹೊರೆ ಒಡೆಯನದಾಗಿರುತ್ತದೆ.

ಜೊತೆಗೆ, ಅಲ್ಲಿ ಕಾರಿಗೆ ಇರುವ ವಾರ್ಷಿಕ ಕಡ್ಡಾಯ ತಪಾಸಣೆ ಕ್ಯಾರವಾನಿಗಿಲ್ಲ. ಅದಕ್ಕೆ ಸ್ವಂತ ನೋಂದಣಿ ಸಂಖ್ಯೆಯೂ ಇಲ್ಲ. ಎಳೆಯುವ ಕಾರಿನ ಸಂಖ್ಯೆಯನ್ನೇ ಹಿಂದೆ ತೂಗುಹಾಕಿಕೊಳ್ಳುತ್ತದೆ. ಗಾಡಿಗೆ ಗುರುತಿನ ಸಂಖ್ಯೆ ಕೊಟ್ಟು ಒಡೆಯರ ಪಟ್ಟಿ ಇಡುವ ವ್ಯವಸ್ಥೆಯೊಂದು 1992ರಿಂದ ನಡೆದುಬಂದಿದೆ. ಆದರೆ ಒಡೆಯನಾದವನು ಹೆಸರು ಬರೆಸುವುದು ಐಚ್ಛಿಕ. ಎರಡನೆಯ ಒಡೆಯನು ಹೆಸರು ಬರೆಸದಿದ್ದರೆ, ತಯಾರಕನು ಅಚ್ಚನ್ನು ಬದಲಾಯಿಸಿಕೊಡುವೆನೆಂದು ಬರೆದ ಪತ್ರ ಹಳೆಯ ಒಡೆಯನ ಮನೆಗೆ ಹೋಗಿ ಬೀಳುವುದು.

ಒಗ್ಗಟ್ಟಿನ ಬೆಲೆ

ಒಬ್ಬನ ಟೈರು ಸವೆದರೆ ಅದು ಅವನ ಅಜಾಗರೂಕತೆ ಎನ್ನಬಹುದು. ಒಂದೇ ವರ್ಷ ತಯಾರಾದ ಒಂದೇ ಮಾದರಿಯ ನೂರು ಗಾಡಿಗಳಲ್ಲಿ ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ? ನೂರು ಮಂದಿಯೂ ಭಾರ ಹೇರಿದರು, ನೂರು ಮಂದಿಯೂ ಕಲ್ಲಿಗೆ ಹತ್ತಿಸಿದರು ಎಂದು ಯಾರೂ ನಂಬಲಾರರು. ನೊಂದ ಒಡೆಯರು ಕೂಡಿಕೊಳ್ಳುವುದರ ಮುಖ್ಯ ಪ್ರಯೋಜನ ಇದೇ. ಸಮಾಧಾನದ ಮಾತು ಅದರಿಂದ ದೊರೆಯುವುದು ನಿಜ. ಆದರೆ ಬಿಡಿ ದೂರುಗಳು ಕೂಡಿ ಪುರಾವೆಯಾಗುವುದು ಅದಕ್ಕಿಂತ ದೊಡ್ಡ ಲಾಭ.

ಇಂಥ ಕೂಟ ಫಲಕಾರಿಯಾಗಬೇಕಾದರೆ ಕೆಲವು ನಿಯಮಗಳುಂಟು. ಎಲ್ಲರೂ ಒಂದೇ ನಮೂನೆಯಲ್ಲಿ ವಿವರ ಕೊಡಬೇಕು: ಗಾಡಿಯ ಸಂಖ್ಯೆ, ತಯಾರಾದ ವರ್ಷ, ಅಚ್ಚಿನ ಮೇಲಿನ ತಗಡಿನ ಬರಹ, ಓಡಿದ ದೂರ, ತೂಕದ ಚೀಟಿ, ಸವೆತದ ಅಳತೆ. ದೋಷವಿಲ್ಲದ ಗಾಡಿಗಳ ಲೆಕ್ಕವನ್ನೂ ಇಡಬೇಕು; ಇಲ್ಲವಾದರೆ ಲೆಕ್ಕ ಏಕಪಕ್ಷೀಯವಾಗುವುದು. ಸ್ವತಂತ್ರ ಎಂಜಿನಿಯರರ ವರದಿ ಒಬ್ಬನಿಗೆ ದುಬಾರಿ, ಹತ್ತಾರು ಜನ ಹಂಚಿಕೊಂಡರೆ ಹಗುರ. ಆ ವರದಿಯೊಡನೆ ವ್ಯಾಪಾರಿಯನ್ನೂ ತಯಾರಕನನ್ನೂ ಕಾಣಬಹುದು. ಪ್ರಾಣಾಪಾಯದ ದೋಷವಾದರೆ ವಾಹನ ಸುರಕ್ಷತೆಯ ಸರ್ಕಾರಿ ಸಂಸ್ಥೆಗೆ ತಿಳಿಸಬಹುದು. ವಿವರವಿಲ್ಲದ ಬರಿಯ ಬೈಗುಳಿಂದ ಮಾತ್ರ ಯಾವ ಅಚ್ಚೂ ನೆಟ್ಟಗಾಗದು.

ಆಸ್ಟ್ರೇಲಿಯದಲ್ಲಿ ಇದಕ್ಕೆ ಸಮೀಪದ ಉದಾಹರಣೆಯಿದೆ. ಅಲ್ಲಿನ ಸ್ಪರ್ಧಾ ಮತ್ತು ಗ್ರಾಹಕ ಆಯೋಗವು 2022ರಲ್ಲಿ ಹೊಸ ಕ್ಯಾರವಾನುಗಳ ಮಾರಾಟದ ಬಗ್ಗೆ ವರದಿ ಹೊರಡಿಸಿತು. ಪ್ರಶ್ನಾವಳಿಗೆ ಉತ್ತರಿಸಿದ 2,200ಕ್ಕೂ ಹೆಚ್ಚು ಮಂದಿಯಲ್ಲಿ ನೂರಕ್ಕೆ 80 ಮಂದಿ ತಮ್ಮ ಹೊಸ ಗಾಡಿಯಲ್ಲಿ ತೊಂದರೆ ಕಂಡಿದ್ದಾಗಿ ತಿಳಿಸಿದರು. ನೊಂದವರೇ ಹೆಚ್ಚಾಗಿ ಉತ್ತರಿಸಿರಬಹುದು ಎಂಬ ಎಚ್ಚರಿಕೆ ಅವಶ್ಯಕ. ಆದರೂ ಅದುವರೆಗೆ ಬಿಡಿಬಿಡಿಯಾಗಿದ್ದ ದೂರುಗಳು ಒಂದೆಡೆ ಸೇರಿದಾಗ ಸರ್ಕಾರದ ಆಯೋಗವೇ ಮಾತನಾಡಿತೆಂಬುದು ಗಮನಾರ್ಹ.

ನಮಗೂ ಇದು ದೂರದ ಮಾತಲ್ಲ. ಮಂಡ್ಯ, ಬೆಳಗಾವಿ ಜಿಲ್ಲೆಗಳ ರಸ್ತೆಗಳಲ್ಲಿ ಕಬ್ಬು ಹೇರಿಕೊಂಡು ಟ್ರ್ಯಾಕ್ಟರಿನ ಹಿಂದೆ ಸಾಗುವ ಟ್ರೇಲರುಗಳೂ ಮುಂದಿನದನ್ನು ನೂಕುವಂಥವೇ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಒಂದೇ ಹಿತವುಳ್ಳ ಅನೇಕ ಗ್ರಾಹಕರ ಪರವಾಗಿ ಕೆಲವರು ಆಯೋಗದ ಅನುಮತಿ ಪಡೆದು ದೂರು ಕೊಡಬಹುದು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ, ಗೊತ್ತುಪಡಿಸಿದ ಪ್ರಮಾಣದಷ್ಟು ಒಡೆಯರು ಒಂದೇ ದೋಷವನ್ನು ವರದಿಮಾಡಿದರೆ ಅಂಥ ವಾಹನಗಳನ್ನು ಹಿಂದಕ್ಕೆ ತರಿಸಿಕೊಳ್ಳುವಂತೆ ಕೇಂದ್ರ ಸರ್ಕಾರ ತಯಾರಕನಿಗೆ ಆಜ್ಞಾಪಿಸಬಹುದು. ಕಾನೂನೇ ತಲೆ ಎಣಿಸುವಾಗ ಒಬ್ಬೊಬ್ಬರೇ ಮೌನವಾಗಿ ನಷ್ಟ ಹೊರುವುದು ಜಾಣತನವಲ್ಲ. ಆ ಮೌನದಿಂದ ಅದೇ ಮಾದರಿಯ ಗಾಡಿಯಲ್ಲಿ ಹೊರಟ ಮತ್ತೊಂದು ಸಂಸಾರ ಅಪಾಯಕ್ಕೆ ಸಿಕ್ಕೀತು. ವಿಜ್ಞಾನವನ್ನು ಓದುವವರು ಅಚ್ಚಿನ ಒಳಗುಟ್ಟನ್ನೂ, ಅರ್ಥಶಾಸ್ತ್ರ ರಾಜ್ಯಶಾಸ್ತ್ರಗಳನ್ನು ಓದುವ ನಾವು ಕೊಂಡವನ ಹಕ್ಕನ್ನೂ ಜನರಿಗೆ ತಿಳಿಯುವ ಕನ್ನಡದಲ್ಲಿ ಹೇಳತೊಡಗಿದರೆ, ನಮ್ಮ ವಿದ್ಯೆ ಅಷ್ಟರಮಟ್ಟಿಗೆ ಸಾರ್ಥಕವಾದೀತು.